ನದಿ ತಿರುಗಿಸಿದರೆ ಬರುವ ದಿವಸ

ಜುಲೈ 5, ಶುಕ್ರವಾರ. ಮಣ್ಣೆತ್ತಿನ ಅಮಾವಾಸ್ಯೆ

ಗ್ರಂಥಾಲಯದಲ್ಲಿ ಮತ್ತೆ ಅದೇ ಜಗಳ. ಬಾಗಿಲು ತೆಗೆದು, ಪತ್ರಿಕೆ ಹರವಿ, ರಿಜಿಸ್ಟರ್ ಬಿಚ್ಚುವಷ್ಟರಲ್ಲಿ ಯಾರೋ ಬಾಲ್‌ಪೆನ್ನಿನಿಂದ ಪದಬಂಧ ತುಂಬಿಬಿಟ್ಟಿದ್ದಾರೆ. ಅದೂ ಅರ್ಧ. ‘ಸಮುದ್ರ’ವನ್ನು ಸ, ಮು, ದ್, ರ ಎಂದು ನಾಲ್ಕು ಮನೆಗೆ ಹಂಚಿ, ಕೆಳಗಿನ ಪದಗಳನ್ನೂ ಕೆಡಿಸಿ ಎದ್ದು ಹೋಗಿದ್ದಾರೆ. ನಿವೃತ್ತ ಪೋಸ್ಟ್‌ಮನ್ ಕಾಕಾ ದಿನಾ ಅದಕ್ಕೆಂದೇ ಬರುವವರು. ನೋಡಿ, ಪತ್ರಿಕೆ ಮಡಚಿಟ್ಟು, ಏನೂ ಅನ್ನದೆ ಹೋದರು. ಅವರ ಸಲುವಾಗಿ ಸಿಟ್ಟು ಬಂತು.

ಗೋಡೆಗೆ ನಾನು ಹಚ್ಚುವ ಪದಬಂಧದ ಹಾಳೆಗೆ ಈ ಕಾಟ ಇಲ್ಲ. ಯುಗಾದಿಯಿಂದ ನಡೆದಿದೆ. ಶುಕ್ರವಾರ ಹೊಸ ಹಾಳೆ, ಪಕ್ಕಕ್ಕೆ ಹಿಂದಿನ ವಾರದ ಉತ್ತರ, ಉತ್ತರದ ಕೆಳಗೆ ವಿವರಣೆ. ಎರಡು ಜೆರಾಕ್ಸ್ ಇವರು ಓಡಿಸುವ ಬಸ್ಸಿನಲ್ಲಿ ಹೋಗುತ್ತವೆ. ಒಂದು ಗಜೇಂದ್ರಗಡಕ್ಕೆ, ಸ್ಟ್ಯಾಂಡಿನ ಹೊರಗಿನ ಚಹಾದಂಗಡಿಗೆ. ಇನ್ನೊಂದು ನರಗುಂದಕ್ಕೆ, ಅಲ್ಲಿ ಅದನ್ನು ಬಿಡಿಸುವ ಮಾಸ್ತರರೊಬ್ಬರ ಕೈಗೆ.

ಇವತ್ತಿನ ಹಾಳೆಯಲ್ಲಿ ಮೂರು ಸುಳಿವು ನನ್ನ ಮನಸ್ಸಿಗೆ ಬಂದಂಥವು.

ಎಲ್ಲರೂ ಸೇರೋಣ, ಒಳಗೊಂದು ಊರಿದೆ (2)

ಹೋಗುವಾಗಲೂ ಬರುವಾಗಲೂ ಒಂದೇ, ನಮ್ಮ ಜಿಲ್ಲೆ (3)

ಸೀತೆಯ ತಂದೆ ಹಿಂದಿರುಗಿದರೆ ಕಾಳು ತುಂಬುವ ಜಾಗ (3)

ಮನೆಗೆ ಬರುವಷ್ಟರಲ್ಲಿ ಅತ್ತಿ ಎತ್ತು ಮಾಡಿ, ಕುಸುಬಿ ಕಾಳು ಒತ್ತಿ, ಜಗುಲಿಯ ಮೇಲೆ ಇಟ್ಟಿದ್ದರು. ಮಳೆ ಇಲ್ಲ, ಬರೀ ಗಾಳಿ.

ಜುಲೈ 6, ಶನಿವಾರ

ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ಈಗ ಗ್ರಂಥಾಲಯದ ತುಂಬ. ಪಿಡಿಒ, ಪೊಲೀಸ್, ಶಿಕ್ಷಕರ ನೇಮಕಾತಿ. ಅವರಲ್ಲಿ ಒಬ್ಬಳು ಗೋಡೆಯ ಮುಂದೆ ನಿಂತು ಕೇಳಿದಳು.

“ಅಕ್ಕಾರ, ಇವು ಪರೀಕ್ಷಾಕ್ಕ ಬರ್ತಾವೇನ್ರಿ?”

“ಇಲ್ಲವಾ.”

“ಮತ್ತ ಯಾಕ ಹಚ್ಚೀರಿ?”

ಥಟ್ಟನೆ ಉತ್ತರ ಬರಲಿಲ್ಲ. ಆದರೆ ಅವಳು ಹೋಗಲೂ ಇಲ್ಲ. ಒಳಗ ಅಂದ್ರ ಯಾದರ ಒಳಗ್ರಿ ಅಂದಳು. ನಾನು ‘ಸೇರೋಣ’ದ ‘ಸೇ’ ಮೇಲೆ ಬೆರಳಿಟ್ಟೆ. ಉಳಿದದ್ದು ನೋಡಿ “ಯವ್ವಾ, ರೋಣ!” ಅಂತ ಕೂಗಿದಳು. ಮೇಜಿನ ಸುತ್ತ ತಲೆಗಳೆಲ್ಲ ಎದ್ದವು.

ಅವಳಿಗೆ ಹೇಳಿದ್ದು: ಪತ್ರಿಕೆಯ ಸಾದಾ ಸುಳಿವಿಗೆ ಒಂದೇ ಕಾಲು. ಅರ್ಥ ಕೊಡುತ್ತದೆ, ಪದ ಬೇಡುತ್ತದೆ. ಗೂಢ ಸುಳಿವಿಗೆ ಎರಡು. ಒಂದು ಅರ್ಥ, ಇನ್ನೊಂದು ಆ ಪದ ಕಟ್ಟುವ ರೀತಿ. ಎರಡೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಪದದಲ್ಲಿ ಕೂಡಬೇಕು. ಕೂಡಿದರೆ ಯಾರನ್ನೂ ಕೇಳಬೇಕಿಲ್ಲ, ಸರಿ ಅಂತ ನಿನಗೇ ಗೊತ್ತಾಗುತ್ತದೆ.

ಹಾಸ್ಟೆಲ್ಲಿನ ದಿನ ನೆನಪಾಯಿತು. ಧಾರವಾಡ, ರೀಡಿಂಗ್ ರೂಮು, ದಿ ಹಿಂದೂ ಪತ್ರಿಕೆ. ಸೀನಿಯರ್ ಒಬ್ಬರು ಮರುದಿನದ ಉತ್ತರ ಹಿಡಿದು ಹಿಂದಿನ ದಿನದ ಸುಳಿವನ್ನು ಬಿಚ್ಚಿ ತೋರಿಸುತ್ತಿದ್ದರು. ನಾನು ಬಿಡಿಸಲು ಕಲಿತದ್ದು ಹಾಗೆ, ಉತ್ತರದ ಕಡೆಯಿಂದ.

ಜುಲೈ 7, ಭಾನುವಾರ, ರಾತ್ರಿ

ಮುಂದಿನ ವಾರದ ಚೌಕ. ಅಡ್ಡ ಸಾಲಿಗೆ ‘ಗಜೇಂದ್ರಗಡ’ ಇಡಬೇಕೆಂದು ಹಟ. ಐದು ಮನೆ. ‘ಗ’ಕ್ಕೆ ಏನು ಬೇಕಾದರೂ ಸಿಗುತ್ತದೆ. ‘ದ್ರ’ಕ್ಕೆ ಚಂದ್ರ, ಭದ್ರ. ‘ಡ’ಕ್ಕೆ ಗಿಡ, ಮೋಡ. ‘ಜೇಂ’ಗೆ ಯಾರೂ ಇಲ್ಲ. ಝೇಂಕಾರ ಇದೆ, ಆದರೆ ಅದು ಮಹಾಪ್ರಾಣ. ಆ ಒಂದು ಅಕ್ಷರ ಸಡಿಲ ಬಿಟ್ಟರೆ ಸಾಲು ಕೂಡುತ್ತದೆ. ಬಿಡಲಾರೆ. ಬಿಡಿಸುವವರು ನನ್ನನ್ನು ನಂಬಿ ಪೆನ್ಸಿಲ್ ಹಿಡಿಯುತ್ತಾರೆ.

ಇಂಗ್ಲಿಷಿನವರಿಗೆ 26 ಅಕ್ಷರ. ಯಾವ ಪದ ಅಡ್ಡ ಬಂದರೂ ಒಂದು ಕಡೆ ತಗಲುತ್ತದೆ. ನಮಗೆ ವರ್ಣಮಾಲೆಯಲ್ಲಿ 49. ಆದರೆ ಮನೆಯಲ್ಲಿ ಕೂಡುವುದು ವರ್ಣ ಅಲ್ಲ, ಕಾಗುಣಿತ. 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೇ 442. ಅದರ ಮೇಲೆ ಸೊನ್ನೆ, ಅದರ ಮೇಲೆ ಒತ್ತು. ‘ರ’ ಬೇರೆ, ‘ರಾ’ ಬೇರೆ, ‘ರೋ’ ಬೇರೆ. ಕನ್ನಡ ಪದಬಂಧದಲ್ಲಿ ಕಪ್ಪು ಮನೆ ಹೆಚ್ಚು ಇರುವುದು ಅದಕ್ಕೆ. ಅ.ನಾ. ಪ್ರಹ್ಲಾದರಾವ್ ಇಂಥ ಚೌಕಗಳನ್ನು ಸಾವಿರಗಟ್ಟಲೆ ಕಟ್ಟಿದ್ದಾರೆ. ಅದರ ಹಿಂದಿನ ದುಡಿಮೆ ಒಂದು ಕಟ್ಟಿದವರಿಗೇ ಗೊತ್ತು.

ಇನ್ನೊಂದು ಕಷ್ಟ. ಅಕ್ಷರ ಕಲಸಿ ಇಡುವ ಆಟ ಇಂಗ್ಲಿಷಿನಲ್ಲಿ ಮುಖ್ಯ. ನಮ್ಮಲ್ಲಿ ಮೂರಕ್ಷರದ ಪದ ಕಲಸಿದರೆ ಆರೇ ರೂಪ, ಮಕ್ಕಳೂ ಬಿಡಿಸುತ್ತಾರೆ. ಆದರೆ ತಿರುಗಿಸುವುದು ಕನ್ನಡಕ್ಕೆ ಎಷ್ಟು ಚೆಂದ ಒಗ್ಗುತ್ತದೆ! ಸದಾ, ದಾಸ. ಕನಕ, ಕನಕ.

‘ಜೇಂ’ ಮನೆಗೆ ಕೆಳಗೂ ಮೇಲೂ ಕಪ್ಪು ಹಾಕಿ ಮಲಗುತ್ತೇನೆ.

ಜುಲೈ 8, ಸೋಮವಾರ. ಗ್ರಂಥಾಲಯಕ್ಕೆ ರಜೆ

ಗಜೇಂದ್ರಗಡ. ಇವರ ಬಸ್ಸಿನಲ್ಲೇ ಹೋದೆ, ಡ್ರೈವರ್ ಹಿಂದಿನ ಸೀಟು. ದಾರಿಯಲ್ಲಿ ಎರಡೂ ಕಡೆ ಹೆಸರು, ಗೋವಿನಜೋಳ. ಹೆಸರಿಗೆ ಇನ್ನೊಂದು ಮಳೆ ಬೇಕು.

ನೇಕಾರಣ್ಣನ ಮನೆ. ಚಹಾದಂಗಡಿಯಿಂದ ಹಾಳೆ ಒಯ್ಯುವವರು ಇವರೇ ಅಂತ ಗೊತ್ತಾದ ಮೇಲೆ ನೋಡಬೇಕೆನ್ನಿಸಿತ್ತು. ಕುಣಿಮಗ್ಗ. ಕಾಲು ನೆಲದೊಳಗೆ, ಕೈ ಮೇಲೆ. ಪಟ್ಟೆದಂಚಿನ ಸೀರೆ, ಮೈಗೆಲ್ಲ ಚೌಕಡಿ. ಮಗಳು ಹೊಸ್ತಿಲ ಮೇಲೆ ಕೂತು ಸುಳಿವು ಓದುತ್ತಾಳೆ, ಇವರು ನೇಯುತ್ತಲೇ ಕೇಳುತ್ತಾರೆ. ಹಾಳೆ ನೋಡುವುದೇ ಇಲ್ಲ. ಎಷ್ಟು ಮನೆ, ಯಾವ ಅಕ್ಷರ ಬಂದಿದೆ, ಎಲ್ಲ ತಲೆಯಲ್ಲಿ. ಕಾಲು ನಿಲ್ಲುವುದು ಉತ್ತರ ಹೊಳೆದಾಗ ಮಾತ್ರ.

ಜಿಲ್ಲೆಯ ಸುಳಿವಿಗೆ ಕಾಲು ನಿಂತಿತು.

“ಲಾಳಿ ಓಡಿದಂಗ ಆತಲ್ರಿ ಇದು. ಈ ಕಡಿಂದ ಗದಗ, ಆ ಕಡಿಂದನೂ ಗದಗ.”

ನನ್ನ ವಿವರಣೆಗಿಂತ ಚೊಲೊ. ಹಾಳೆಯಲ್ಲಿ ಅವರ ಮಾತೇ ಬರೆಯಲೇ ಅಂದೆ. ಬರೀರಿ, ಹೆಸರು ಹಾಕಬ್ಯಾಡ್ರಿ ಅಂದರು.

ಮಗಳಿಗೊಂದು ಸುಳಿವು ಅಲ್ಲೇ ಕಟ್ಟಿ ಕೊಟ್ಟೆ. ಮೊಸಳೆಯಿಂದ ಪಾರಾದವನಿಗೊಂದು ಕೋಟೆ, ಕಾಲಕಾಲೇಶ್ವರನ ಮಗ್ಗುಲ ಊರು (5). ಒಂಬತ್ತನೇ ಇಯತ್ತೆ. ಗಜೇಂದ್ರಮೋಕ್ಷದ ಕತೆ ಗೊತ್ತಿರಲಿಲ್ಲ. ಅಪ್ಪ ಮಗ್ಗ ನಿಲ್ಲಿಸಿ ಕತೆ ಹೇಳಿದರು. ಕತೆ ಮುಗಿಯುವ ಮೊದಲೇ ಅವಳು ಊರಿನ ಹೆಸರು ಹೇಳಿಬಿಟ್ಟಳು. ಆದರೂ ಅವರು ಕತೆ ನಿಲ್ಲಿಸಲಿಲ್ಲ, ಹರಿ ಬಂದು ಚಕ್ರ ಬಿಡುವ ತನಕ ಹೇಳಿದರು.

ಜುಲೈ 9, ಮಂಗಳವಾರ

ಅತ್ತಿಗೆ ಓದು ಬರುವುದಿಲ್ಲ. ಊಟಕ್ಕೆ ಕೂತಾಗ ‘ಸೇರೋಣ’ ಹೇಳಿದೆ. ಒಂದು ತುತ್ತು ಮುಗಿಸಿ “ರೋಣ” ಅಂದರು. ಹೆಂಗ ಗೊತ್ತಾತ್ರಿ ಅಂದರೆ, “ಒಡಪು ಹಾಕಿದವ್ರಿಗೆ ಇದೇನ ದೊಡ್ಡದು” ಅಂದರು.

ನಿಜ. ಮದುವೆ, ಸೋಬಾನ, ತೊಟ್ಟಿಲ ಕಾರ್ಯ, ಎಲ್ಲಿಯೂ ಗಂಡನ ಹೆಸರು ಬರಿದೇ ಹೇಳುವಂತಿಲ್ಲ. ಊರೆಲ್ಲ ಸುತ್ತಿ, ಹೊಲ ಹಳ್ಳ ದಾಟಿ, ಪ್ರಾಸ ಹಿಡಿದು, ಕೊನೆಗೆ ಹೆಸರಿಗೆ ಬಂದು ನಿಲ್ಲಬೇಕು. ಬಾಗಿಲಲ್ಲಿ ನಾದಿನಿಯರು ಅಡ್ಡ ನಿಂತಿರುತ್ತಾರೆ, ಹೇಳದೆ ಒಳಗೆ ಬಿಡುವುದಿಲ್ಲ. ನಾನೂ ಹೇಳಿದ್ದೆ. ಈಗಲೂ ಈ ಪುಸ್ತಕದಲ್ಲಿ ‘ಇವರು’ ಅಂತಲೇ ಬರೆಯುತ್ತೇನೆ.

ಇವರ ಹೆಸರಿಗೊಂದು ಗೂಢ ಸುಳಿವು ಕಟ್ಟಬೇಕು. ಗೋಡೆಗಲ್ಲ.

ಜುಲೈ 11, ಗುರುವಾರ

ಅಬ್ಬಿಗೇರಿಯ ಅಜ್ಜ ಹಾಳೆ ಹಿಡಿದು ಬಂದರು. ಸೀತೆಯ ತಂದೆಯ ಸುಳಿವಿಗೆ ‘ಹಗೇವು’ ಬರೆದಿದ್ದಾರೆ. ನಾನು ಅದು ಕನಜ ಅಂದೆ.

“ಮೂರು ಮನಿ, ಮೂರು ಅಕ್ಷರ. ಕಾಳು ತುಂಬೂದು ಹಗೇವಿನಾಗ. ಕನಜ ಯಾರ ಮನ್ಯಾಗ ಐತವಾ?”

ಆಮೇಲೆ ಹಗೇವಿನ ಬಗ್ಗೆಯೇ ಅರ್ಧ ತಾಸು. ನೆಲದೊಳಗೆ ಮನುಷ್ಯ ನಿಲ್ಲುವಷ್ಟು ಆಳ, ಬಾಯಿ ಸಣ್ಣದು. ತಳಕ್ಕೂ ಗೋಡೆಗೂ ಕಣಿಕಿ ಹಾಸಿ ಜೋಳ ಸುರಿಯುವುದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ತೆಗೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಕಾಯಬೇಕು. ಅವರಪ್ಪ ಹಾಗೆ ದೀಪ ಇಳಿಬಿಡುತ್ತಿದ್ದನಂತೆ.

ನಾನು ಸುಳಿವಿನ ಮೊದಲ ಭಾಗಕ್ಕೆ ಬಂದೆ. ಸೀತೆಯ ಅಪ್ಪ ಯಾರ್ರಿ ಅಜ್ಜಾ? ಜನಕರಾಜ. ಅವ ಹಿಂದಿರುಗಿದರೆ? ಅಜ್ಜ ಬೆರಳು ಮಡಚಿ ಅಕ್ಷರ ಎಣಿಸಿದರು. ಕ. ನ. ಜ. ಸುಮ್ಮನಾದರು.

“ಅಂದ್ರ ನಂದು ಅರ್ಧ ಸರಿ.”

“ಹೌದ್ರಿ, ಅರ್ಧ.”

“ನಿಮ್ಮ ಕನಜನೂ ಅರ್ಧನ ಸರಿ. ರಾಮಾಯಣಕ್ಕ ಸರಿ, ಈ ಊರಿಗೆ ಅಲ್ಲ.”

ಹೋದರು. ಸುಳಿವಿನ ನಿಯಮ ನನ್ನ ಕಡೆ ಇದೆ. ಕನಜ ಎರಡೂ ಕಾಲಿನ ಮೇಲೆ ನಿಲ್ಲುತ್ತದೆ, ಹಗೇವು ಒಂದರ ಮೇಲೆ. ಇದರಲ್ಲಿ ಸಂಶಯ ಇಲ್ಲ. ಆದರೂ ಅಜ್ಜನ ಮಾತು ಬಿಡುತ್ತಿಲ್ಲ.

ಜುಲೈ 12, ಶುಕ್ರವಾರ

ವಿವರಣೆ ಬರೆದೆ. ಕನಜದ ಕೆಳಗೆ ಹಗೇವು ಯಾಕಲ್ಲ ಅಂತಲೂ ಬರೆದೆ. ಅದಕ್ಕೆಂದು ದೀಪ ಇಳಿಬಿಡುವ ಸಂಗತಿಯೂ ಬಂತು. ಹಾಳೆ ಉದ್ದವಾಯಿತು. ಅದನ್ನೇ ಜನ ನಿಂತು ಓದಿದರು.

ಹೊಸ ಹಾಳೆಯಲ್ಲಿ ನರಗುಂದಕ್ಕೆಂದು ಒಂದು: ಅರ್ಜುನ ಕುಗ್ಗುವವನಲ್ಲ, ಬಂಡಾಯದ ಊರು (4). ನರ ಅಂದರೆ ಅರ್ಜುನ. ‘ಒಲ್ಲ’, ‘ಅರಿಯ’ ಇದ್ದ ಹಾಗೆ ‘ಗುಂದ’, ಕುಗ್ಗುವುದಿಲ್ಲ. ಇದಕ್ಕೆ ಮಾಸ್ತರರು ಏನನ್ನುವರೋ. ಬಂಡಾಯ ಎಂದರೆ 1858ರ ಬಾಬಾಸಾಹೇಬನದೋ, 1980ರ ರೈತರದೋ, ಸುಳಿವಿಗೆ ಎರಡೂ ನಡೆಯುತ್ತವೆ.

ಜುಲೈ 15, ಸೋಮವಾರ

ನರಗುಂದ. ದೊಡ್ಡವ್ವನಿಗೆ ಆರಾಮ ಇಲ್ಲ, ನೋಡಿ ಬರಲು ಹೋಗಿದ್ದು. ಆಮೇಲೆ ಗುಡ್ಡದ ಕೆಳಗಿನ ಓಣಿಯಲ್ಲಿ ಮಾಸ್ತರರ ಮನೆ.

‘ಗುಂದ’ ಅವರಿಗೆ ಮೆಚ್ಚುಗೆಯಾಗಿದೆ. ಎರಡು ಸಲ ಬಾಯಿಬಿಟ್ಟು ಹೇಳಿದರು. ಆದರೆ ನನ್ನ ವಿವರಣೆಗಳು ಬರಬರುತ್ತ ಉದ್ದವಾಗುತ್ತಿವೆ, ಬಿಗಿ ಇರಲಿ ಎಂದರು. ಬೆಡಗಿನ ವಚನಗಳಿಗೆ ಟೀಕು ಬರೆದವರನ್ನು ನೋಡಿ, ಈ ಮಾತಿಗೆ ಇದು ಅರ್ಥ, ಮುಗಿಯಿತು. ನಾನಂದೆ, ಸರ್, ಅಲ್ಲಮನ ಬೆಡಗಿಗೆ ಬೀಗದ ಕೈ ಹೊರಗಿದೆ. ಗುರು ಹೇಳಿಕೊಟ್ಟರೇ ತೆರೆಯುತ್ತದೆ. ಕನಕದಾಸರ ಮುಂಡಿಗೆಯೂ ಹಾಗೇ. ಈ ಸುಳಿವಿಗೆ ಬೀಗದ ಕೈ ಅದರೊಳಗೇ ಇರಬೇಕು, ಇಲ್ಲದಿದ್ದರೆ ಕಟ್ಟಿದವರದು ಮೋಸ.

ಸಿರಿಭೂವಲಯದ ಮಾತು ಬಂತು. ಕುಮುದೇಂದು ಮುನಿಯದು ಅನ್ನುವ ಅಂಕಿಗಳ ಗ್ರಂಥ. 27ಕ್ಕೆ 27ರ ಚೌಕ, ಮನೆಯಲ್ಲಿ 1ರಿಂದ 64ರ ತನಕ ಅಂಕಿ, ಅಂಕಿಗೊಂದು ಅಕ್ಷರ. 1953ರಲ್ಲಿ ಅಚ್ಚಾದಾಗ ಎಷ್ಟು ಕುತೂಹಲ ಇತ್ತೆಂದು ಅವರ ತಂದೆ ಹೇಳುತ್ತಿದ್ದರಂತೆ. ಹೀಗೆ ನಡೆದರೆ ಕನ್ನಡ, ಹಾಗೆ ನಡೆದರೆ ಪ್ರಾಕೃತ, ಸಂಸ್ಕೃತ. ಮಾಸ್ತರರ ಕಣ್ಣು ಹೊಳೆಯುತ್ತಿತ್ತು. ನನಗೆ ಆ ಚೌಕದ ಮೇಲೆ ಗೌರವ ಇದೆ. ಆದರೆ ಯಾವ ದಿಕ್ಕಿಗೆ ನಡೆದರೂ ಏನೋ ಒಂದು ಸಿಗುತ್ತದೆ ಅನ್ನುವುದು ನನ್ನನ್ನು ಸಮಾಧಾನ ಮಾಡುವುದಿಲ್ಲ. ಬಿಡಿಸುವವನಿಗೆ ‘ಇದಲ್ಲ’ ಅನ್ನುವ ಹಕ್ಕೂ ಇರಬೇಕು. ಅಜ್ಜನಿಗೆ ಹಗೇವು ಅಲ್ಲ ಅಂದೆನಲ್ಲ, ಹಾಗೆ.

ವಾಪಸು ಬರುವಾಗ ಸ್ಟ್ಯಾಂಡಿನ ಹತ್ತಿರ ರಸ್ತೆಗೆ ಅಡ್ಡ ಕಟ್ಟಿದ ಬಟ್ಟೆಯ ಬ್ಯಾನರು. ಮಹದಾಯಿಯದು. ನಾನು ಅದರ ಹಿಂದೆ ನಿಂತಿದ್ದೆ. ಬಿಸಿಲು ಬಟ್ಟೆಯಿಂದ ಹಾಯ್ದು ಅಕ್ಷರ ಹಿಂದುಮುಂದಾಗಿ ಕಾಣುತ್ತಿದ್ದವು. ದೊಡ್ಡ ಅಕ್ಷರದ ‘ನದಿ’. ಹಿಂದಿನಿಂದ ದಿ, ನ.

ಬಸ್ಸು ಬರುವ ತನಕ ಅದನ್ನೇ ನೋಡುತ್ತ ನಿಂತೆ.

ಅದೇ ದಿನ, ರಾತ್ರಿ

ನದಿ ತಿರುಗಿಸಿದರೆ ಬರುವ ದಿವಸ (2)

ಒಂದು ಪದವೂ ಹೆಚ್ಚಿಲ್ಲ, ಒಂದು ಪದವೂ ಕಡಿಮೆ ಇಲ್ಲ. ನಾನು ಕಟ್ಟಿದ್ದರಲ್ಲಿ ಇದೇ ಮೇಲು. ಗೊತ್ತಿದೆ.

ಎದೆ ಹೊಡೆದುಕೊಳ್ಳುತ್ತಿದೆ, ಸಂತೋಷಕ್ಕೋ ಅಂಜಿಕೆಗೋ.

ಜುಲೈ 17, ಬುಧವಾರ. ಮೊಹರಂ

ಓಣಿಯಲ್ಲಿ ಡೋಲಿ, ಹೆಜ್ಜೆಮೇಳ. ಅತ್ತಿ ಕಟ್ಟೆಗೆ ಸಕ್ಕರೆ ಓದಿಸಿ ಬಂದರು. ಸಣ್ಣ ಮಳೆ.

ಸುಳಿವನ್ನು ಇವರಿಗೆ ತೋರಿಸಿದೆ. ಇವರಿಗೆ ಪದಬಂಧದಲ್ಲಿ ಆಸಕ್ತಿ ಇಲ್ಲ. ಹಾಳೆ ಒಯ್ಯುವುದು ನನ್ನ ಸಲುವಾಗಿ. ಬಹಳ ಹೊತ್ತು ಹಿಡಿದುಕೊಂಡು ಕೂತರು.

“ನರಗುಂದದಾಗ ಇದನ್ನ ಆಟ ಅಂತ ಓದೂದಿಲ್ಲ.”

“ಆಟ ಅಂತ ಬರದಿಲ್ಲರೀ.”

“ಚೌಕದಾಗ ಐತಲ್ಲ.”

2015ರಿಂದ ಆ ರಸ್ತೆಯಲ್ಲಿ ಎಷ್ಟು ಬಂದ್, ಎಷ್ಟು ಟೈರು ಸುಟ್ಟದ್ದು, ಎಷ್ಟು ರಾತ್ರಿ ಬಸ್ಸು ನಿಲ್ಲಿಸಿ ಅದರಲ್ಲೇ ಮಲಗಿದ್ದು, ಎಲ್ಲ ಕಂಡವರು ಇವರು. ಮಹದಾಯಿಯ ಕಳಸಾ, ಬಂಡೂರಿ ಹಳ್ಳದ ನೀರು ಮಲಪ್ರಭೆಗೆ ತಿರುಗಬೇಕು. ಇಲ್ಲಿ ‘ತಿರುಗಿಸು’ ಅಂದರೆ ಅದೇ. ಬೇರೆ ಊರಿನಲ್ಲಿ ಆ ಸುಳಿವು ಸಲೀಸಾಗಿ ಗೂಢ. ನರಗುಂದದಲ್ಲಿ ಮೇಲಿನ ಅರ್ಥವೇ ಎಷ್ಟು ಗಟ್ಟಿ ಎಂದರೆ ಒಳಗಿನದಕ್ಕೆ ಇಳಿಯಲು ಯಾರಿಗಾದರೂ ಮನಸ್ಸು ಬಂದೀತೇ?

ಜುಲೈ 18, ಗುರುವಾರ

ತೆಗೆದೆ. ‘ದಿನ’ಕ್ಕೆ ಬೇರೆ ಸುಳಿವು ಹಾಕಿದೆ. ಸತ್ತ ಹಾಗಿತ್ತು. ಮತ್ತೆ ಇಟ್ಟೆ.

ಜುಲೈ 19, ಶುಕ್ರವಾರ

ಹಚ್ಚಿದೆ. ಇವರು ಏನೂ ಅನ್ನದೆ ಎರಡೂ ಜೆರಾಕ್ಸ್ ಮಡಚಿ ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಪರೀಕ್ಷೆಯ ಹುಡುಗಿ (ಈಗ ದಿನಾ ಹತ್ತು ನಿಮಿಷ ಗೋಡೆಗೆ ಕೊಡುತ್ತಾಳೆ) ಅದನ್ನು ಬಿಡಿಸಿ ಪೆನ್ಸಿಲಿನಲ್ಲಿ ಬರೆದು ತೋರಿಸಿದಳು. ಪೋಸ್ಟ್‌ಮನ್ ಕಾಕಾ ಒಂದು ತಾಸು ಕೂತು ಎಲ್ಲ ಮನೆ ತುಂಬಿದರು, ಅದೊಂದನ್ನು ಬಿಟ್ಟು. ಗೊತ್ತಾಗಲಿಲ್ಲವೇ ಅಂತ ಕೇಳಿದೆ.

“ಗೊತ್ತಾತು. ಬರಿಯೂದಾಗಲಿಲ್ಲ.”

ಜುಲೈ 21, ಭಾನುವಾರ

ಇವತ್ತಿನ ತಾರೀಖು ಮರೆತು ಹಾಳೆ ಕಳಿಸಿದ್ದಲ್ಲ. ಗೊತ್ತಿದ್ದೇ ಕಳಿಸಿದ್ದು.

1980ರ ಈ ದಿನ ನರಗುಂದದಲ್ಲಿ ಗೋಲಿಬಾರು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಕರ ಬಂದಿತ್ತು. ರೈತರು ಎದ್ದರು, ಜೀವ ಹೋದವು. ಪ್ರತಿ ವರ್ಷ ವೀರಗಲ್ಲಿಗೆ ಮಾಲೆ, ಭಾಷಣ, ಹಸಿರು ಟವೆಲ್ಲು. ಸಂಜೆ ಇವರು ಬಂದರು. ಗದ್ದಲ ಇತ್ತು, ಬಸ್ಸು ಬೈಪಾಸಿನಿಂದ ಒಯ್ದೆ ಅಂದರು. ಮಾಸ್ತರರು? ಕಾಣಲಿಲ್ಲ.

ಅತ್ತಿ ಆ ವರ್ಷದ ಬಗ್ಗೆ ಒಂದೇ ಮಾತು ಹೇಳುತ್ತಾರೆ, ಆ ವಾರ ರೋಣದಿಂದ ನರಗುಂದಕ್ಕೆ ಯಾರೂ ಹೋಗಲಿಲ್ಲ ಅಂತ.

ಜುಲೈ 23, ಮಂಗಳವಾರ

ಮಾಸ್ತರರ ಕಾಗದ. ಕಂಡಕ್ಟರ್ ಕೈಯಲ್ಲಿ ಬಂತು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ನೀಲಿ ಮಸಿ, ಎಂದಿನ ಮುತ್ತಿನಂಥ ಅಕ್ಷರ ಅಲ್ಲ.

ಉತ್ತರ ಸರಿ, ದಿನ. ಕಟ್ಟಡ ಸರಿ. ಆದರೆ ಅರ್ಥದ ಭಾಗ ಸಡಿಲ ಎಂದು ಬರೆದಿದ್ದಾರೆ. ‘ಬರುವ ದಿವಸ’ ಅಂದಿರಲ್ಲ, ಯಾವ ದಿವಸ? ಕೆಳಗೆ ಒಂದರ ಕೆಳಗೊಂದು ದಿವಸಗಳು. 1980, ಜುಲೈ 21. ಆ ಹೊತ್ತಿಗೆ ಅವರು ನೌಕರಿಗೆ ಸೇರಿ ಸ್ವಲ್ಪವೇ ಕಾಲವಾಗಿತ್ತು, ಶಾಲೆಯ ಕಿಟಕಿ ಮುಚ್ಚಿ ಮಕ್ಕಳನ್ನು ನೆಲದ ಮೇಲೆ ಕೂಡಿಸಿದ್ದರು. 2015, ಜುಲೈ, ಧರಣಿಗೆ ಕೂತದ್ದು. 2018, ಆಗಸ್ಟ್ 14, ಮಹದಾಯಿ ನ್ಯಾಯಮಂಡಳಿಯ ತೀರ್ಪು. ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9. ಊರಲ್ಲಿ ಗುಲಾಲು ಎರಚಿದ್ದರು. 2020, ಫೆಬ್ರವರಿ 27, ಗೆಜೆಟ್. ಮತ್ತೆ ಗುಲಾಲು. ಆಮೇಲೆ ಅರಣ್ಯದ ಪರವಾನಗಿ, ವನ್ಯಜೀವಿಗಳ ಪರವಾನಗಿ, ಗೋವಾದ ತಕರಾರು. ಪ್ರತಿ ಸಲ ದಿವಸ ಬಂತು, ನದಿ ತಿರುಗಲಿಲ್ಲ. ಹಾಗಾಗಿ ನಿಮ್ಮ ಸುಳಿವು ಉಲ್ಟಾ ಆಗಬೇಕು ಎಂದು ಕೊನೆಯ ಸಾಲು. ದಿನ ಕೊಟ್ಟು ನದಿ ಕೇಳಿ.

ಓದಿ ಸುಮಾರು ಹೊತ್ತು ಏನೂ ಮಾಡಲಿಲ್ಲ.

ಅವರು ಸಿಟ್ಟಾಗಿದ್ದಾರೋ, ನನ್ನನ್ನು ತಿದ್ದಿದ್ದಾರೋ, ಜೊತೆಗೆ ಕಟ್ಟಲು ಬಂದಿದ್ದಾರೋ ಗೊತ್ತಾಗುತ್ತಿಲ್ಲ. ಸುಳಿವು ಓದುಗನನ್ನು ದಾರಿ ತಪ್ಪಿಸಬಹುದು, ಸುಳ್ಳು ಹೇಳಬಾರದು. ಈ ಕಸುಬಿಗೆ ಇದೊಂದೇ ಧರ್ಮ. ನನ್ನದು ಸುಳ್ಳಲ್ಲ. ಆದರೆ ನಿಜವೋ?

ಜುಲೈ 24, ಬುಧವಾರ

ದಿನ ತಿರುಗಿದರೆ ಹರಿಯುವುದು (2). ಬರೆದು ನೋಡಿದೆ. ಕಟ್ಟಡ ಅದೇ, ಕಿಚ್ಚು ಇಲ್ಲ. ದಿನಗಳು ತಿರುಗುವುದು ಯಾರಿಗೂ ಹೊಸದಲ್ಲ. ನದಿಯನ್ನು ತಿರುಗಿಸು ಅನ್ನುವಲ್ಲೇ ಬಿಸಿ ಇರುವುದು. ಮಾಸ್ತರರಿಗೆ ಹಾಗೇ ಬರೆದು ಕಳಿಸಿದೆ. ಬಿಡಿಸುವವರ ಜೊತೆ ಇಷ್ಟು ನೇರ ಮಾತಾಡಬಹುದು ಅನ್ನುವುದೇ ಸಮಾಧಾನ.

ಜುಲೈ 26, ಶುಕ್ರವಾರ

ಉತ್ತರದ ಹಾಳೆ. ‘ದಿನ’ದ ಕೆಳಗೆ ಒಂದೇ ಸಾಲು ಬರೆದೆ: ನದಿಯನ್ನು ಹಿಂದಿನಿಂದ ಓದಿ, ದಿವಸ ಎಂದರೆ ದಿನ. ಪಕ್ಕದಲ್ಲಿ ಮಾಸ್ತರರ ಕಾಗದವನ್ನೇ ಹಚ್ಚಿದೆ, ಅವರ ಅಕ್ಷರದಲ್ಲೇ. ಹಚ್ಚಲೇ ಅಂತ ಕೇಳಿ ಕಳಿಸಿದ್ದೆ, ನಿಮ್ಮ ಗೋಡೆ, ನಿಮ್ಮಿಷ್ಟ ಅಂದಿದ್ದರು. ಸರ್ಕಾರಿ ಗೋಡೆ, ಅದೂ ತಲೆಯಲ್ಲಿತ್ತು. ಇರಲಿ. ಅದರಲ್ಲಿರುವುದೆಲ್ಲ ಪತ್ರಿಕೆಯಲ್ಲಿ ಬಂದದ್ದೇ.

ಮಧ್ಯಾಹ್ನಕ್ಕೆ ನೋಡಿದರೆ ಪರೀಕ್ಷೆಯವರೆಲ್ಲ ಗೋಡೆಯ ಮುಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾರೆ. 13.42. ಆಗಸ್ಟ್ 14. ಫೆಬ್ರವರಿ 27.

“ಅಕ್ಕಾರ, ಇದು ಮಾತ್ರ ಪರೀಕ್ಷಾಕ್ಕ ಬರ್ತೈತ್ರಿ.”

ಹೌದವಾ ಅಂದೆ. ಅವಳಪ್ಪನದು ನರಗುಂದದ ಕಡೆಯೇ ಹೊಲ. ಅದನ್ನು ಇವತ್ತೇ ಹೇಳಿದಳು.

ಕಾಕಾ ಬಂದು ಕಾಗದ ಪೂರ್ತಿ ಓದಿ, ಹಿಂದಿನ ವಾರದ ತಮ್ಮ ಹಾಳೆ ತೆಗೆದು, ಖಾಲಿ ಬಿಟ್ಟಿದ್ದ ಎರಡು ಮನೆಗಳನ್ನು ನೋಡಿದರು. ತುಂಬಲಿಲ್ಲ. ನಾನೂ ಕೇಳಲಿಲ್ಲ.

ಗಜೇಂದ್ರಗಡದಿಂದ ನೇಕಾರಣ್ಣನ ಮಗಳ ಚೀಟಿ. ಅವಳದೇ ಸುಳಿವು: ತುದಿ ಹೋದ ಬರಹ, ಮಳೆ ಇಲ್ಲದ ವರ್ಷ (2). ಬರಹ, ಬರ. ಎರಡೂ ಕಾಲು ಗಟ್ಟಿ. ಅಪ್ಪನ ಸಹಾಯ ಇಲ್ಲ ಅಂತ ಎರಡು ಗೆರೆ ಎಳೆದಿದ್ದಾಳೆ. ಮುಂದಿನ ಚೌಕದಲ್ಲಿ ಮೊದಲ ಸುಳಿವು ಇದೇ.

ಜುಲೈ 28, ಭಾನುವಾರ

ಅತ್ತಿಯ ಜೊತೆ ಹೊಲಕ್ಕೆ. ಹೆಸರು ಹೂ ಬಿಟ್ಟು ಕಾಯಿ ಕಟ್ಟುತ್ತಿದೆ. ಅತ್ತಿ ಒಂದು ಕಾಯಿ ಬಿಡಿಸಿ ಹಸಿ ಕಾಳು ಬಾಯಿಗೆ ಹಾಕಿಕೊಂಡು ಇನ್ನೂ ಹಾಲು ಅಂದರು. ಅಲ್ಲೇ ಹೊಳೆಯಿತು.

ಒಡಪಿನಲ್ಲಿ ಹೇಳಿ, ಹೊಲದಲ್ಲಿ ಬಿತ್ತಿ (3)

ಅತ್ತಿಗೆ ಹೇಳಿದೆ. ಕಾಲಡಿಗೆ ತೋರಿಸಿದರು. ಅಷ್ಟೇ ವಿವರಣೆ. ಹಾಳೆಯಲ್ಲಿ ಎರಡು ಸಾಲು ಬೇಕಾದೀತು, ಬೆಂಗಳೂರಿನಿಂದ ಬಂದವರು ಯಾರಾದರೂ ಓದಿದರೆ.

ರಾತ್ರಿ ಚೌಕ. ‘ಹೆಸರು’ ಅಡ್ಡ. ‘ಸ’ದ ಮೇಲೆ ‘ದಾ’ ಬಂದು ದಾಸ ನಿಂತ: ಸದಾ ಹಿಂದಿರುಗುವ ಭಕ್ತ (2). ‘ಹೆ’ಯಿಂದ ಕೆಳಕ್ಕೆ ಹೆಗಲು. ‘ರು’ವಿಗೆ ಮೇಲಿನಿಂದ ಗುರು ಇಟ್ಟಿದ್ದೇನೆ. ಸುಳಿವು ಹೊಳೆದಿಲ್ಲ. ತಿರುಗಿಸಿದರೆ ಏನೂ ಆಗುವುದಿಲ್ಲ, ಒಡೆದರೂ ಆಗುವುದಿಲ್ಲ. ಶುಕ್ರವಾರದ ತನಕ ಸಮಯ ಇದೆ. ಮಾಸ್ತರರನ್ನೇ ಕೇಳಬೇಕು, ಕಾಗದಕ್ಕೆ ಅವರ ಉತ್ತರ ಬಂದ ಮೇಲೆ.